ಇಲಿಗೆ ಎ, ಎಲೆಗೆ ಆ

ಕೋಪವನ್ನು ಮೂಗಿನ ತುದಿಯಲ್ಲಿ ಕಟ್ಟಿಕೊಂಡೇ ಹುಟ್ಟಿದವಳು ನಾನು ಎಂದು ಟೇಕಲ್ಲಿನ ನಮ್ಮಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅದೂ ತೆಲುಗಿನಲ್ಲಿ. ನಮ್ಮ ಮನೆಯಲ್ಲಿ ಬೈಗುಳ, ಮುದ್ದು, ದೇವರ ಮುಂದಿನ ಮೊರೆ ಎಲ್ಲವೂ ತೆಲುಗು. ಓದು, ಬರಹ, ನೆಂಟರ ಜೊತೆಗಿನ ಮರ್ಯಾದೆಯ ಮಾತು ಕನ್ನಡ. ಇವು ಎರಡು ಬೇರೆ ಬೇರೆ ಭಾಷೆ ಎನ್ನುವುದೇ ನನಗೆ ಮಾಲೂರಿನ ಹೈಸ್ಕೂಲಿಗೆ ಸೇರುವ ತನಕ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿ ಒಂದು ದಿನ ಮೇಷ್ಟರ ಮುಂದೆ ಕನ್ನಡದ ಮಧ್ಯೆ ತೆಲುಗು ನುಸುಳಿ, ಇಡೀ ಕ್ಲಾಸು ನಕ್ಕಿತು. ನಕ್ಕವರಲ್ಲಿ ಅರ್ಧ ಜನರ ಮನೆಮಾತು ತೆಲುಗೇ ಆಗಿತ್ತು, ಆ ಮಾತು ಬಿಡಿ.

ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದ ಒಂದು ಶಿಕ್ಷಕರ ತರಬೇತಿ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಹೇಗೆ ಪಾಠ ಹೇಳಬೇಕು ಎಂಬುದರ ಬಗ್ಗೆ ಮೈಸೂರಿನಲ್ಲಿ ಒಂದಿಷ್ಟು ಓದಿ ಬಂದಿದ್ದೆ. ಇಂಥ ಮಕ್ಕಳನ್ನೂ ಎಲ್ಲರ ಜೊತೆ ಕೂರಿಸಿ ಕಲಿಸುವ ಸಮನ್ವಯ ಶಿಕ್ಷಣ ಎನ್ನುವ ಮಾತು ಆಗ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಹಳ್ಳಿ ಶಾಲೆಯ ಹೆಡ್ಮಾಸ್ಟರು ಒಂದು ಮಗುವನ್ನು ಮಂದಬುದ್ಧಿ ಎಂದು ಬರೆದು ಕಳಿಸುತ್ತಿದ್ದರು; ನಾನು ಹೋಗಿ ನೋಡಿ ಹೌದೆಂದು ರುಜು ಹಾಕಿದರೆ ಆ ಮಗು ಬೆಂಗಳೂರಿನ ಒಂದು ಆಶ್ರಮಕ್ಕೆ ಹೋಗುತ್ತಿತ್ತು. ಅಲ್ಲಿಗೆ ಹೋದ ಮಕ್ಕಳು ವಾಪಸ್ಸು ಬಂದದ್ದನ್ನು ನಾನಂತೂ ನೋಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮುಳಬಾಗಿಲಿನಿಂದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರಿನಿಂದ ಅಂಥದೇ ಬರಹ ಬಂತು. ಒಂಬತ್ತು ವರ್ಷದ ಹುಡುಗಿ, ಪೋಲಿಯೋದಿಂದ ಒಂದು ಕಾಲು ಸೊರಗಿದೆ, ಒಂದನೇ ಕ್ಲಾಸಿನಲ್ಲೇ ವರ್ಷಗಟ್ಟಲೆ ಕೂತಿದ್ದಾಳೆ, ಅಕ್ಷರ ಹತ್ತುವುದಿಲ್ಲ. ಕೋಲಾರದಿಂದ ಮುಳಬಾಗಿಲಿಗೆ ಒಂದು ಬಸ್ಸು, ಅಲ್ಲಿಂದ ಕೋಳಿ, ಕುರಿಮರಿ, ಸೊಪ್ಪಿನ ಗಂಟುಗಳ ಜೊತೆ ಇನ್ನೊಂದು ಬಸ್ಸು. ಇಳಿಯುವ ಹೊತ್ತಿಗೆ ನನ್ನ ಸೀರೆಗೆ ಕುರಿಯ ವಾಸನೆ ಹಿಡಿದಿತ್ತು.

ಹೆಡ್ಮಾಸ್ಟರು ಒಳ್ಳೆಯ ಮನುಷ್ಯರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರನ್ನು ಬೈಯುವುದಿದೆ. ಹುಡುಗಿಗೆ ಒಂದು ದಾರಿಯಾಗಲಿ ಎಂದು ಸ್ವಂತ ಖರ್ಚಿನಲ್ಲಿ ಬೆಂಗಳೂರಿಗೆ ಹೋಗಿ, ಆಶ್ರಮದಲ್ಲಿ ಜಾಗ ಗೊತ್ತುಮಾಡಿ ಬಂದಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ನಾನು ನೋಡುವ ಮುಂಚೆಯೇ ಎಲ್ಲ ತಯಾರಾಗಿತ್ತು.

ಹುಡುಗಿಯ ಅಪ್ಪನೂ ಅಲ್ಲೇ ಇದ್ದ. ರಾಗಿ ಹೊಲ, ಸ್ವಲ್ಪ ಹಿಪ್ಪುನೇರಳೆ, ಮನೆಯಲ್ಲಿ ರೇಷ್ಮೆ ಹುಳು, ಹೀಗೆ ದುಡಿದು ತಿನ್ನುವ ಸಂಸಾರ. ಕಳಿಸುವುದಕ್ಕೆ ಮನಸ್ಸಿದೆಯೇ ಎಂದು ಕೇಳಿದೆ. ಅವನು ನೆಲ ನೋಡುತ್ತಲೇ, "ಅಲ್ಲಾದ್ರೆ ಹೊತ್ತೊತ್ತಿಗೆ ಅನ್ನ ಇಕ್ತಾರಂತೆ ಮೇಡಮ್ಮಾ. ನಾವು ಹೋದ್ಮೇಲೆ ಇವಳನ್ನ ಯಾರು ಎತ್ಕೊಂಡು ತಿರುಗ್ತಾರೆ?" ಎಂದ. ಅವಳಮ್ಮ ಬಾಗಿಲಾಚೆ ನಿಂತಿದ್ದಳು. ಅವಳನ್ನು ಕೇಳಿದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮಗಳನ್ನು ದಿನಾ ಸೊಂಟದ ಮೇಲೆ ಹೊತ್ತು ಶಾಲೆಗೆ ತರುತ್ತಿದ್ದವಳು ಅವಳೇ.

ಹುಡುಗಿ ಶಾಲೆಯ ಜಗಲಿಯ ಮೂಲೆಯಲ್ಲಿ ಕಾಲು ಮಡಚಿ ಕೂತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಪಿಳಿಪಿಳಿ ಕಣ್ಣು. ಗೋಡೆಗೆ ಅಕ್ಷರಗಳ ಪಟ ತೂಗುಹಾಕಿದ್ದರು; ಪ್ರತಿ ಅಕ್ಷರಕ್ಕೆ ಒಂದು ಚಿತ್ರ. ಹೆಡ್ಮಾಸ್ಟರು ಬೆತ್ತದ ತುದಿಯನ್ನು ಆನೆಯ ಪಕ್ಕದ 'ಆ' ಅಕ್ಷರದ ಮೇಲೆ ಇಟ್ಟರು. ಹುಡುಗಿಯ ತುಟಿ ಸಣ್ಣಗೆ ಅಲುಗಿತು. ಆಮೇಲೆ "ಏ" ಎಂದಳು. ಇಲಿಯ ಪಕ್ಕದ ಇ ತೋರಿಸಿದರು. ಮತ್ತೆ ತುಟಿ ಅಲುಗಿತು, "ಎ" ಎಂದಳು. ಈಚಲು ಮರದ ಈ ಬಂದಾಗ ಸರಿಯಾಗಿ "ಈ" ಎಂದಳು. ಉಡದ ಉ ಕೂಡ ಸರಿ. ಎಲೆಯ ಎ ಬಂದರೆ "ಆ". ಒಂಟೆಯ ಒ ಬಂದರೆ ಮತ್ತೆ ಸರಿ.

"ನೋಡಿದ್ರಾ ಮೇಡಂ? ಒಂದು ಸರಿ ಹೇಳಿದ್ರೆ ಒಂದು ತಪ್ಪು. ಬುದ್ಧಿ ಒಂದ್ಕಡೆ ನಿಲ್ಲಲ್ಲ ಇವಳಿಗೆ" ಎಂದು ಹೆಡ್ಮಾಸ್ಟರು ಬೆತ್ತ ಕಂಕುಳಿಗೆ ಸಿಕ್ಕಿಸಿಕೊಂಡರು.

ನಾನು ಬೆತ್ತ ತೆಗೆದುಕೊಂಡು ಅವೇ ಅಕ್ಷರಗಳನ್ನು ಹಿಂದುಮುಂದಾಗಿ ಕೇಳಿದೆ. ಅವೇ ಉತ್ತರ. ಇನ್ನೊಮ್ಮೆ ಕೇಳಿದೆ, ಆಗಲೂ ಅವೇ. ಬಾಯಿಗೆ ಬಂದದ್ದು ಹೇಳುವ ಮಗುವಾಗಿದ್ದರೆ ಒಂದು ಸಲವಾದರೂ ಬೇರೆ ಹೇಳಬೇಕಿತ್ತು. ಇವಳ ತಪ್ಪು ಅಲುಗಾಡುತ್ತಿರಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಮಕ್ಕಳ ಜಗಳ ಎದ್ದು ಹೆಡ್ಮಾಸ್ಟರು ಆಚೆ ಹೋದರು. ನಾನು ಹುಡುಗಿಯ ಪಕ್ಕ ನೆಲಕ್ಕೆ ಕೂತು, ಆನೆಯ ಮೇಲೆ ಬೆರಳಿಟ್ಟು, ನಮ್ಮಜ್ಜಿ ನನ್ನನ್ನು ಕೇಳುತ್ತಿದ್ದ ಧಾಟಿಯಲ್ಲೇ, "ಇದೇಮಿ ತಲ್ಲೀ?" ಎಂದೆ. ಇದು ಏನಮ್ಮಾ ಎಂದು ಅರ್ಥ, ಅಷ್ಟೆ.

ಅವಳು ಅಂಗಳದ ಕಡೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಏನುಗು."

ಇಲಿ ತೋರಿಸಿದೆ, "ಎಲಕ" ಎಂದಳು. ಎಲೆ ತೋರಿಸಿದೆ, "ಆಕು." ತೆಲುಗಿನಲ್ಲಿ ಆನೆ ಎಂದರೆ ಏನುಗು, ಇಲಿ ಎಂದರೆ ಎಲಕ, ಎಲೆ ಎಂದರೆ ಆಕು. ಈಚಲು ಈತ, ಉಡ ಉಡುಮು, ಒಂಟೆಯಂತೂ ಎರಡರಲ್ಲೂ ಒಂಟೆ. ಹುಡುಗಿ ಚಿತ್ರ ನೋಡಿ, ಅದರ ಹೆಸರನ್ನು ಮನಸ್ಸಿನಲ್ಲೇ ತೆಲುಗಿನಲ್ಲಿ ಹೇಳಿಕೊಂಡು, ಅದರ ಮೊದಲ ಸದ್ದನ್ನು ಅಕ್ಷರಕ್ಕೆ ಕೊಡುತ್ತಿದ್ದಳು. ಒಂದರಲ್ಲೂ ಲೆಕ್ಕ ತಪ್ಪಿರಲಿಲ್ಲ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅವಳೂ ನಕ್ಕಳು, ಯಾಕೆಂದು ಗೊತ್ತಿಲ್ಲದೆ.

ಊರಿನ ಉಳಿದ ಮಕ್ಕಳೂ ತೆಲುಗಿನವರೇ, ಅವರಿಗೇಕೆ ಹೀಗಾಗಲಿಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಬೆಳಿಗ್ಗೆ ಶಾಲೆ ಶುರುವಾದ ಕೂಡಲೇ ಮಕ್ಕಳೆಲ್ಲ ಸಾಲಾಗಿ ಕೂತು "ಆ ಆನೆ, ಇ ಇಲಿ" ಎಂದು ಒಕ್ಕೊರಲಿನಿಂದ ಕೂಗುತ್ತಿದ್ದರು. ಇವಳಮ್ಮ ಬೆಳಗಿನ ಹೊತ್ತು ಹುಳುಗಳಿಗೆ ಸೊಪ್ಪು ಕೊಯ್ದು, ಹೆಚ್ಚಿ, ಹಾಕಿ ಮುಗಿಸಿಯೇ ಮಗಳನ್ನು ಎತ್ತಿಕೊಂಡು ಬರಬೇಕು. ಅಷ್ಟು ಹೊತ್ತಿಗೆ ಕೂಗಾಟ ಮುಗಿದಿರುತ್ತಿತ್ತು. ಯಾರೂ ಹೇಳಿಕೊಡದ ಪಟವನ್ನು ಹುಡುಗಿ ಒಬ್ಬಳೇ ನೋಡಿ ನೋಡಿ ಅರ್ಥಮಾಡಿಕೊಂಡಿದ್ದಳು. ಉಳಿದವರನ್ನು ಕರೆದು, ಚಿತ್ರ ಮುಚ್ಚಿ, ಎ ಒಂದನ್ನೇ ತೋರಿಸಿದೆ. ಅವರು ಅ ಇಂದ ಹಾಡಿಕೊಂಡು ಬರದೆ ಅದರ ಹೆಸರು ಹೇಳಲಾರದೆ ಹೋದರು. ಅಕ್ಷರ ಎಂದರೆ ಒಂದು ಸದ್ದು ಎಂದು ಆ ಕ್ಲಾಸಿನಲ್ಲಿ ತಿಳಿದವಳು ಮಂದಬುದ್ಧಿ ಎನಿಸಿಕೊಂಡವಳು ಒಬ್ಬಳೇ.

ಪಿಸುಗುಟ್ಟಿದ್ದು ಯಾಕೆಂದರೆ, ಶಾಲೆಯೊಳಗೆ ತೆಲುಗು ಆಡಿದರೆ ಹೆಡ್ಮಾಸ್ಟರು ಬೆತ್ತ ತೋರಿಸುತ್ತಿದ್ದರು. ಹಾಗಾಗಿ ಅವಳು ಪದವನ್ನು ನುಂಗಿ, ಮೊದಲ ಸದ್ದನ್ನು ಮಾತ್ರ ಹೊರಗೆ ಬಿಡುವುದನ್ನು ಕಲಿತಿದ್ದಳು.

ಆಗ ಬಂತು ನೋಡಿ ನನಗೆ ಕೋಪ. ಹೆಡ್ಮಾಸ್ಟರು ವಾಪಸ್ಸು ಬಂದದ್ದೇ ತಡ, "ಸಾರ್, ನಿಮ್ಮ ಮನೇಲಿ ಆನೆಗೆ ಏನಂತಾರೆ?" ಎಂದು ಕೇಳಿದೆ. ಅವರು ಪೆಚ್ಚಾದರು. ಅವರ ಮನೆಯಲ್ಲೂ ಏನುಗೇ. ಆದರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮನೆಮಾತು ಬೇರೆ, ಶಾಲೆಮಾತು ಬೇರೆ ಎಂದರು. ಈ ಊರಿನ ಮಕ್ಕಳು ಮುಳಬಾಗಿಲಿಗೆ ಹೋದಾಗ ಯಾರೂ ನಗಬಾರದು, ಅದಕ್ಕೇ ಈ ಕಟ್ಟುನಿಟ್ಟು ಎಂದರು. ಆ ನಗು ನಾನೂ ತಿಂದವಳೇ ಆದ್ದರಿಂದ ನನ್ನ ಬಾಯಿ ಸ್ವಲ್ಪ ಕಟ್ಟಿತು. ಆದರೆ ರುಜು ಹಾಕುವುದಿಲ್ಲ ಎಂದುಬಿಟ್ಟೆ.

ಅವರಿಗೂ ರೇಗಿತು. ಆಶ್ರಮದವರು ಜಾಗ ಕಾದಿಡುವುದು ಬೇಸಿಗೆ ರಜದ ತನಕ ಮಾತ್ರ, ಅದು ತಪ್ಪಿದರೆ ಹುಡುಗಿಗೆ ಇತ್ತ ಓದೂ ಇಲ್ಲ ಅತ್ತ ಆಸರೆಯೂ ಇಲ್ಲ ಎಂದಾಗುತ್ತದೆ, ಆಗ ನೀವು ಬಂದು ಸಾಕುತ್ತೀರಾ ಎಂದರು. ಮಾತು ಮಾತಿಗೆ ಬೆಳೆದು ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ರಜಕ್ಕೆ ಮುಂಚೆ, ಅಪ್ಪ ಅಮ್ಮನ ಎದುರು, ಪಾಠದಲ್ಲಿಲ್ಲದ ಒಂದು ವಾಕ್ಯವನ್ನು ಹುಡುಗಿ ಓದಬೇಕು. ಓದಿದರೆ ಇಲ್ಲೇ ಇರುತ್ತಾಳೆ. ಇಲ್ಲದಿದ್ದರೆ ನಾನು ತುಟಿ ಬಿಚ್ಚದೆ ರುಜು ಹಾಕಬೇಕು. ಅಪ್ಪ ತಲೆ ಆಡಿಸಿದ. ವಾಪಸ್ಸು ಬಸ್ಸಿನಲ್ಲಿ ಕೂತ ಮೇಲೆ ನನಗೆ ಬುದ್ಧಿ ಬಂತು. ಯಾರ ಮನೆಯ ಮಗುವನ್ನು ಪಣಕ್ಕಿಟ್ಟು ಬಂದೆ ನಾನು!

ಅಲ್ಲಿಂದ ಪ್ರತಿ ಶನಿವಾರ ಆ ಊರಿಗೆ ಹೋದೆ. ಹಳೆಯ ಪಟಕ್ಕೆ ಬದಲು ರಟ್ಟಿನ ಮೇಲೆ ನಾನೇ ಚಿತ್ರ ಬರೆದೆ. 'ಆ' ಪಕ್ಕದಲ್ಲಿ ಎಲೆ, 'ಎ' ಪಕ್ಕದಲ್ಲಿ ಇಲಿ, 'ಏ' ಪಕ್ಕದಲ್ಲಿ ಆನೆ. ನನ್ನ ಆನೆ ನೋಡಿ ಹುಡುಗಿ ಅದನ್ನು ಹಂದಿ ಎಂದಳು. ಸೊಂಡಿಲು ಉದ್ದ ಮಾಡಬೇಕಾಯಿತು. ಕನ್ನಡ ಶಾಲೆಯ ಗೋಡೆಯ ಮೇಲೆ ತೆಲುಗು ಬೊಂಬೆ ಎಂದು ಹೆಡ್ಮಾಸ್ಟರು ಗೊಣಗಿದರು, ಆದರೆ ಕಿತ್ತು ಹಾಕಲಿಲ್ಲ. ಅವಳಿಗೆ ಗೊತ್ತಿದ್ದ ಸದ್ದಿನಿಂದ ಅಕ್ಷರ ಕೂಡಿಸಿದ ಮೇಲೆ, ಆ ಅಕ್ಷರದಿಂದ ಕನ್ನಡದ ಮಾತಿಗೆ ದಾಟಿಸಿದೆ. ಜಗಲಿಯ ಮೂಲೆಯಿಂದ ಎಬ್ಬಿಸಿ ಬೋರ್ಡಿನ ಮುಂದಿನ ಸಾಲಿಗೆ ತಂದು ಕೂರಿಸಿದೆವು. ನಾನಿಲ್ಲದ ದಿನಗಳಲ್ಲಿ ಕಾಗುಣಿತ ತಿದ್ದಿಸುತ್ತಿದ್ದವರು, ಹೇಳಿದರೆ ನಂಬುತ್ತೀರೋ ಇಲ್ಲವೋ, ಹೆಡ್ಮಾಸ್ಟರೇ. ಬೆತ್ತ ಮಾತ್ರ ಕಂಕುಳಿನಲ್ಲೇ ಇತ್ತು.

ಮುಂದೆ ಎಂಬತ್ತರ ದಶಕದಲ್ಲಿ ಮುಳಬಾಗಿಲು, ಶ್ರೀನಿವಾಸಪುರದ ಗಡಿ ಶಾಲೆಗಳನ್ನೆಲ್ಲ ಸುತ್ತಿ, ಮಕ್ಕಳ ಇಂಥ ತಪ್ಪುಗಳ ಮೇಲೆಯೇ ಸಂಶೋಧನೆ ಮಾಡಿ ಡಾಕ್ಟರೇಟು ಪಡೆದೆ. ಮಾವಿನ ಲಾರಿಗಳ ಹಿಂದೆ ಧೂಳು ಕುಡಿಯುತ್ತಾ ಓಡಾಡಿದ್ದಕ್ಕೆ ಸಿಕ್ಕ ಹಣ್ಣು ಅದು. ಸೆಮಿನಾರುಗಳಲ್ಲಿ ದೊಡ್ಡ ದೊಡ್ಡ ಮಾತುಗಳನ್ನು ನಾನೂ ಆಡಿದ್ದೇನೆ, ಹೊಟ್ಟೆಪಾಡು. ತರಬೇತಿಗೆ ಬಂದ ಮೇಷ್ಟರಿಗೆ ಮಾತ್ರ ನಾನು ಹೇಳಿದ್ದು ಒಂದೇ: ಮಗು ತಪ್ಪು ಹೇಳಿದರೆ ತಿದ್ದುವ ಮುಂಚೆ ಇನ್ನೊಂದು ಸಲ ಕೇಳಿರಪ್ಪಾ. ಅವರು ಬರೆದುಕೊಳ್ಳುತ್ತಿದ್ದರು.

ಆ ವರ್ಷದ ಬೇಸಿಗೆಗೇ ವಾಪಸ್ಸು ಬರುತ್ತೇನೆ. ಓದಿಸಲು ಗೊತ್ತುಮಾಡಿದ ದಿನ ಶಾಲೆಗೆ ಹೋದಾಗ ಅಪ್ಪ ಅಂಗಳದಲ್ಲಿ ನಿಂತಿದ್ದ, ಅಮ್ಮ ಹೊಸ್ತಿಲ ಹತ್ತಿರ. ಬೆಂಗಳೂರಿನ ಮಾತು ಮನೆಯಲ್ಲಿ ಗುಸುಗುಸು ನಡೆದೇ ಇತ್ತು; ಮಕ್ಕಳ ಕಿವಿಗೆ ಬೀಳದೆ ಇರುತ್ತದೆಯೇ? ಹುಡುಗಿಯ ಮುಖ ಸಪ್ಪಗಿತ್ತು. ನಾನು ಒಂದು ಲೋಟ ನೀರು ಕೇಳಿ ಕುಡಿದೆ.

ಹೆಡ್ಮಾಸ್ಟರು ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. ಪುಸ್ತಕದಲ್ಲಿಲ್ಲದ ವಾಕ್ಯ ಬೇಕು. ಅವರ ಮನಸ್ಸಿನಲ್ಲಿ ಏನಿತ್ತೋ ಅದೇ ಕೈಗೆ ಬಂತು ಎಂದು ಕಾಣುತ್ತದೆ. ದಪ್ಪ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದರು: ನೀನು ಬೆಂಗಳೂರಿಗೆ ಹೋಗು.

ಬರೆದು ಪಕ್ಕಕ್ಕೆ ಸರಿದು, ಓದಮ್ಮ ಎಂದರು. ಹುಡುಗಿಯ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ಸರಿಯಿತು, ತುಟಿ ಅಲುಗಿತು. ಸದ್ದಿಲ್ಲ. ಸಾಲಿನ ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ನೋಡಿದಳು. ಆಗಲೂ ಸದ್ದಿಲ್ಲ. ಹೆಡ್ಮಾಸ್ಟರು ಕಾದರು, ಇನ್ನೊಮ್ಮೆ ಮೆಲ್ಲಗೆ ಹೇಳಿದರು. ಸೋತೆ ಎಂದುಕೊಂಡೆ. ಅಂಗಳದಲ್ಲಿ ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಹುಡುಗಿ ಬೋರ್ಡಿನಿಂದ ಕಣ್ಣು ತೆಗೆದು ಅಮ್ಮನನ್ನು ನೋಡಿದಳು. ಆಮೇಲೆ ಹೆಡ್ಮಾಸ್ಟರ ಮುಖ ನೋಡಿ, ಶಾಲೆಯ ಒಳಗೇ, ಗಟ್ಟಿಯಾಗಿ ತೆಲುಗಿನಲ್ಲಿ ಹೇಳಿದಳು: "ನೇನು ಪೋನು ಸಾ."

ನಾನು ಹೋಗಲ್ಲ ಸಾ.

ಬೋರ್ಡಿನ ಮೇಲೆ ಇದ್ದದ್ದನ್ನು ಅಲ್ಲಿಯ ತನಕ ಯಾರೂ ಬಾಯಿ ಬಿಟ್ಟು ಓದಿರಲಿಲ್ಲ. ನನಗೆ ಅಳು ಬಂತು, ತಡೆಯಲಿಲ್ಲ. ಹೆಡ್ಮಾಸ್ಟರು ಅವಳನ್ನು ನೋಡಿದರು, ಬೋರ್ಡು ನೋಡಿದರು. ಕೊನೆಯ ಪದವನ್ನು ಅಂಗೈಯಿಂದ ಒರೆಸಿ, ಆ ಜಾಗದಲ್ಲಿ ಇನ್ನೊಂದು ಬರೆದರು. ಹೊಸ್ತಿಲಿನಿಂದ ಅವಳಮ್ಮ, ಅಷ್ಟು ದಿನ ನನ್ನ ಹತ್ತಿರ ಒಂದು ಮಾತೂ ಆಡದವಳು, ಈಗ ಏನು ಬರೆದರು ಎಂದು ನನ್ನನ್ನು ಕೇಳಿದಳು. ನಾನು ಕಣ್ಣೊರೆಸಿಕೊಂಡು ಹೇಳುವಷ್ಟರಲ್ಲಿ ಹುಡುಗಿ ಅಕ್ಷರ ಅಕ್ಷರವಾಗಿ ಓದಿದಳು.

"ನೀನು ಬೆಂಗಳೂರಿಗೆ ಹೋಗಬೇಡ."

ಅಪ್ಪ ಅಂಗಳದಿಂದ ಜಗಲಿಗೆ ಬಂದು, "ಇನ್ನೊಂದ್ ಸಾರಿ ಓದಮ್ಮಾ" ಎಂದ. ಅವಳು ಓದಿದಳು.