ಕೆಂಚಕ್ಕನ ಕುಂಚ, ಕಾಟಯ್ಯನ ಟಗರು

ಬಿಸಿಲು ಇನ್ನೂ ಗುಡ್ಡ ಇಳಿದಿಲ್ಲ. ಹಟ್ಟಿಯ ಬೀದಿಯ ಉದ್ದಕ್ಕೂ ಕರಿ ಉಣ್ಣೆಯ ಹಾಸು ಬಿಗಿದು ನಿಂತಿದೆ. ಮಗ್ಗಕ್ಕೆ ಏರಿಸುವ ಮುಂಚೆ ನೂಲನ್ನು ಹೀಗೆ ಉದ್ದಕ್ಕೆ ಎಳೆದು ಕಟ್ಟಿ ಹುಣಸೆ ಬೀಜದ ಗಂಜಿ ಹಚ್ಚಬೇಕು. ಹಚ್ಚದಿದ್ದರೆ ಅದು ಕಂಬಳಿಯಾಗುವುದಿಲ್ಲ, ಉಣ್ಣೆಯ ಗೋಜಲಾಗುತ್ತದೆ. ಹಾಸಿನ ಈ ಕಡೆ ಕೆಂಚಕ್ಕ, ಆ ಕಡೆ ಅವಳ ಅತ್ತೆ ಉಚ್ಚಂಗಮ್ಮ. ಇಬ್ಬರ ಕೈಯಲ್ಲೂ ಈಚಲ ನಾರಿನ ಕುಂಚ. ಇಬ್ಬರದೂ ಒಂದೇ ಹೆಜ್ಜೆ, ಒಂದೇ ಎಳೆತ. ಗಂಜಿಯ ವಾಸನೆಗೆ ಬೀದಿನಾಯಿಗಳು ಮೂಗೆತ್ತಿ ಕೂತಿವೆ.

ಇದ್ದಕ್ಕಿದ್ದಂತೆ ಕೆಂಚಕ್ಕ ನಿಲ್ಲುತ್ತಾಳೆ. ಕುಂಚ ಮೇಲೆತ್ತಿ ಅತ್ತೆಯ ಮುಖ ನೋಡುತ್ತಾಳೆ.

"ಹೂಂ, ಐತೆ," ಎನ್ನುತ್ತಾಳೆ ಉಚ್ಚಂಗಮ್ಮ. "ರೈಲು. ರಾಮಗಿರಿ ಬಿಡ್ತು."

ಕೆಂಚಕ್ಕ ಮತ್ತೆ ಕುಂಚ ಎಳೆಯುತ್ತಾಳೆ. ಸ್ವಲ್ಪ ಮುಂದೆ ಹೋದ ಮೇಲೆ ಮತ್ತೊಮ್ಮೆ ಕುಂಚ ಮೇಲೇಳುತ್ತದೆ. ಈ ಸಲ ಉಚ್ಚಂಗಮ್ಮ ಕಿವಿಗೊಟ್ಟು ಕೇಳಿ ತಲೆ ಅಲ್ಲಾಡಿಸುತ್ತಾಳೆ. "ಏನೂ ಇಲ್ಲ ಕಣವ್ವ. ನಡಿ, ಗಂಜಿ ಒಣಗ್ತೈತೆ."

ದಾರಿಹೋಕರಿಗೆ ಇದು ಅತ್ತೆ ಸೊಸೆಯ ಆಟದಂತೆ ಕಂಡೀತು. ಆಟವಲ್ಲ. ಕೆಂಚಕ್ಕನಿಗೆ ಆಗಾಗ ಇಲ್ಲದ್ದು ಕೇಳುತ್ತದೆ, ಇಲ್ಲದ್ದು ಕಾಣುತ್ತದೆ. ಕೇಳಿದ್ದು ನಿಜವೋ ಅಲ್ಲವೋ ಎಂದು ಎದುರಿಗಿರುವವಳನ್ನು ವಿಚಾರಿಸಿಕೊಂಡು ಕೆಲಸ ಮುಂದುವರಿಸುವುದು ಈ ಇಬ್ಬರು ಹೆಂಗಸರು ತಾವೇ ಮಾಡಿಕೊಂಡ ಏರ್ಪಾಟು. ಅವಳನ್ನು ಹುಚ್ಚಿ ಎಂದು ಕರೆಯುವ ಜನ ಈ ಸೀಮೆಯಲ್ಲಿ ಇದ್ದಾರೆ. ಅವರ ಬಾಯಿಗೆ ಇದೇ ಹುಣಸೆ ಗಂಜಿಯನ್ನು ದಪ್ಪಗೆ ಮೆತ್ತಬೇಕು.

ಹಟ್ಟಿ ಇರುವುದು ಹೊಳಲ್ಕೆರೆ ತಾಲ್ಲೂಕಿನಲ್ಲಿ, ರಾಮಗಿರಿ ಗುಡ್ಡದ ಬೆನ್ನಿಗೆ. ಕೆಂಚಕ್ಕ ಹೊಸದುರ್ಗದ ಕಡೆಯವಳು. ಪ್ಲೇಗು ಮೊದಲ ಸಲ ಬಂದ ಕಾಲದಲ್ಲಿ ಮದುವೆಯಾಗಿ ಇಲ್ಲಿಗೆ ಬಂದಳು. ಅವಳ ಕೈ ಗಂಜಿಗೆ ಆಗಲೇ ಹೆಸರು. ನೀರಾದರೆ ಎಳೆ ನಿಲ್ಲುವುದಿಲ್ಲ, ಗಟ್ಟಿಯಾದರೆ ಎಳೆಗೆ ಎಳೆ ಅಂಟುತ್ತದೆ. ಇವಳು ಬೆರಳದ್ದಿ, ಎರಡು ಬೆರಳು ಉಜ್ಜಿ, ಕೆಳಗಿಳಿಸು ಅಥವಾ ಇನ್ನೊಂದು ಕುದಿ ಬರಲಿ ಎನ್ನುತ್ತಾಳೆ. ಹೊರಕೆರೆದೇವಪುರದಿಂದಲೂ ನೂಲು ಹೊತ್ತು ತಂದು ಇವಳ ಕೈಯಲ್ಲೇ ಗಂಜಿ ಹಚ್ಚಿಸಿಕೊಂಡು ಹೋಗುತ್ತಾರೆ. ಚಿತ್ರದುರ್ಗದ ಪೇಟೆಯಲ್ಲಿ ಕಂಬಳಿ ಕೊಳ್ಳುವವರು ಅದನ್ನು ಕೊಡವುತ್ತಾರೆ, ಹಿಂಡುತ್ತಾರೆ, ಮೇಲೆ ನೀರು ಹೊಯ್ದು ನೋಡುತ್ತಾರೆ, ನೇಯ್ದವನು ಯಾರೆಂದು ಕೇಳುತ್ತಾರೆ. ಗಂಜಿ ಹಚ್ಚಿದವಳು ಯಾರೆಂದು ಕೇಳಿದ ಒಬ್ಬ ಗಿರಾಕಿಯೂ ಇಲ್ಲ.

ಗಂಡ ಕಾಟಯ್ಯ ನೇಯುವವನು. ಬೆನ್ನು ಬಾಗಿ, ಕಾಲನ್ನು ಮಗ್ಗದ ಗುಣಿಯಲ್ಲಿ ಇಳಿಬಿಟ್ಟು ದಿನವಿಡೀ ಕೂತಿರುತ್ತಾನೆ. ಹೆಂಡತಿಯ ಕಾಯಿಲೆಯ ಮಾತು ತೆಗೆದರೆ ಅವನು ಮುಚ್ಚುಮರೆ ಮಾಡುವುದಿಲ್ಲ.

"ಅವ್ಳದು ಎರಡು ಕಾಲ ಸ್ವಾಮಿ. ಏರು ಬಂತು ಅಂದ್ರೆ ನಿದ್ದಿ ಇಲ್ಲ, ಊಟ ಇಲ್ಲ, ಮಾತು ಮಾತ್ರ ಐತೆ. ಹಾಡ್ತಾಳೆ, ನಗ್ತಾಳೆ, ಮನ್ಯಾಗಿರೋದೆಲ್ಲ ಬಂದೋರಿಗೆ ಕೊಡ್ತಾಳೆ. ನನ್ನ ಧೋತ್ರಾನೂ ಒಂದ್ಸಲ ಕೊಟ್ಟಿದ್ಲು. ಇಳಿ ಬಂತು ಅಂದ್ರೆ ಗೋಡೆ ಕಡೀಗೆ ಮುಖ ಮಾಡ್ಕಂಡು ಮಲಗಿಬಿಡ್ತಾಳೆ. ಕರೆದ್ರೆ ಹೂಂ ಅನ್ನಲ್ಲ. ನಡುವೆ ಬೇಕಾದಷ್ಟು ದಿನ ನಿಮ್ಮಂಗೆ ನಮ್ಮಂಗೆ ಇರ್ತಾಳೆ."

"ನಿನ್ನಂಗೆ ಯಾಕಲೇ? ನಿನಗಿಂತ ಚೆಂದಾಗಿರ್ತಾಳೆ," ಎನ್ನುತ್ತಾಳೆ ಉಚ್ಚಂಗಮ್ಮ ಒಳಗಿನಿಂದ.

ಈಗ ನಡುಗಾಲ. ಆದರೆ ಹಟ್ಟಿಯಲ್ಲಿ ಒಂದು ಚರ್ಚೆ ಎದ್ದಿದೆ. ಮುಂದಿನ ವಾರ ಗದ್ದಿಗೆ ಕಂಬಳಿಗೆ ಹಾಸು ಹಾಕಬೇಕು. ವರ್ಷಕ್ಕೊಮ್ಮೆ ದೇವರನ್ನು ಕೂರಿಸಲು ಹಾಸುವ ಹೊಸ ಕರಿಕಂಬಳಿಗೆ ಇಲ್ಲಿ ಗದ್ದಿಗೆ ಕಂಬಳಿ ಎನ್ನುತ್ತಾರೆ. ಕೆಂಚಕ್ಕನಿಗೆ ಅದಕ್ಕೆ ಕುಂಚ ಹಿಡಿಯುವ ಆಸೆ. ಹಟ್ಟಿಯಲ್ಲಿ ಅರ್ಧ ಜನ, ಅವಳು ಹಾಸಿನ ಹತ್ತಿರವೂ ಸುಳಿಯಬಾರದು ಎನ್ನುತ್ತಾರೆ. ಉಳಿದರ್ಧ ಜನ, ಅವಳ ಮೈಮೇಲೆ ದೇವರು ಬರುತ್ತದೆ, ಕುಂಚ ಕಿತ್ತುಕೊಂಡು ಗುಡಿಯಲ್ಲಿ ಕೂರಿಸಿ ಹೇಳಿಕೆ ಕೇಳಬೇಕು ಎನ್ನುತ್ತಾರೆ. ಯಾರ ಮಾತು ಗೆದ್ದರೂ ಅವಳ ಕೈಯಿಂದ ಕುಂಚ ಹೋಗುತ್ತದೆ.

ಇದಕ್ಕೆಲ್ಲ ಕಾರಣ ಹಿಂದೊಮ್ಮೆ ಅವಳು ಹಚ್ಚಿದ ಗದ್ದಿಗೆ ಕಂಬಳಿ. ಅದಕ್ಕೊಂದು ಕಟ್ಟಳೆ ಇದೆ. ಹಾಸು ಹಾಕಲು ತೊಡಗಿದಾಗಿನಿಂದ ಗಂಜಿ ಒಣಗುವ ತನಕ, ಎಂದರೆ ಎರಡು ಮೂರು ದಿನ, ಗಂಜಿ ಹಚ್ಚುವವಳು ಕಣ್ಣು ಮುಚ್ಚುವಂತಿಲ್ಲ, ಹಾಲು ಬಿಟ್ಟು ಬೇರೇನೂ ಮುಟ್ಟುವಂತಿಲ್ಲ. ಕೆಂಚಕ್ಕ ಆ ವರ್ಷ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸಿದಳು. ಹಾಸು ಬಿಗಿದ ಬೆಳಗ್ಗೆ ಎಳೆ ಎಳೆಯಲ್ಲೂ ಕುರಿಗಳು ಅರಚುವುದು ಅವಳಿಗೆ ಕೇಳಿಸಿತು. ಬಿಳಿ ರುಮಾಲಿನ ಒಬ್ಬ ಮನುಷ್ಯ ಹಾಸಿನ ಮೇಲೆ ನಡೆದು ಬಂದು, ಕುರಿಗಳನ್ನೆಲ್ಲ ಬಿಟ್ಟುಬಿಡು ಎಂದ. ಅವಳು ಅದನ್ನು ಕೂಗಿ ಹೇಳಿದಳು. ಜನ ದೇವರ ಅಪ್ಪಣೆ ಎಂದು ಅಡ್ಡಬಿದ್ದು, ಎದ್ದು ಹೋಗಿ ದೊಡ್ಡಿಯ ಬಾಗಿಲುಗಳನ್ನೆಲ್ಲ ತೆಗೆದುಬಿಟ್ಟರು. ಕುರಿಗಳು ಅಪ್ಪಣೆಗೇ ಕಾಯುತ್ತಿದ್ದವೇನೋ, ಹಿರಿಯೂರಿನ ದಿಕ್ಕಿಗೆ ಕೆಲವು, ಹೊಳಲ್ಕೆರೆಯ ದಿಕ್ಕಿಗೆ ಕೆಲವು ಓಡಿದವು. ಒಂದಷ್ಟು ಹೋಗಿ ರೈಲ್ವೆ ಸ್ಟೇಷನ್ನಿನಲ್ಲಿ ನಿಂತವು.

"ಸ್ಟೇಷನ್ ಮಾಸ್ತರು ಟಿಕೀಟು ತಗಂಡಿದೀರೇನ್ರೋ ಅಂತ ಕುರಿಗಳ್ನೇ ಕೇಳ್ದನಂತೆ," ಎಂದು ಕೆಂಚಕ್ಕನೇ ಈಗ ಹೇಳಿ, ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.

ಆಮೇಲಿನದು ನಗುವ ಸಂಗತಿಯಲ್ಲ. ಆ ಏರು ಹೇಗೆ ಹತ್ತಿತೋ ಹಾಗೇ ಇಳಿಯಿತು. ಮಲಗಿದವಳಿಗೆ ಆಗ ಬೇರೊಂದು ದನಿ. "ನಿನ್ನ ಕೈ ಮುಟ್ಟಿದ್ರೆ ಗಂಜಿ ಕೆಡ್ತೈತೆ, ಮನಿ ಕೆಡ್ತೈತೆ, ಎದ್ದು ಹೋಗು ಅಂತಿತ್ತು," ಎಂದು ಅವಳು ತಗ್ಗಿದ ದನಿಯಲ್ಲಿ ನೆನೆಯುತ್ತಾಳೆ. ಒಂದು ಮಧ್ಯಾಹ್ನ ಎದ್ದು ಬಾವಿಯ ಕಡೆ ನಡೆದಳು. ಉಚ್ಚಂಗಮ್ಮ ಹಿಂದೆಯೇ ಹೋಗಿ ಸೆರಗು ಹಿಡಿದುಕೊಂಡಳು. ಬೈಯಲಿಲ್ಲ, ಅಳಲಿಲ್ಲ. "ಗಂಜಿಗೆ ಹುಣಸೆ ಬೀಜ ನೆನಸಿವ್ನಿ, ಅರೆಯಾಕೆ ನನ್ನ ಕೈಲಾಗಲ್ಲ, ಬಾ," ಎಂದು ಕರೆದುಕೊಂಡು ಬಂದಳು. ಕುಂಚ ಎತ್ತಿ ಕೇಳುವ ಏರ್ಪಾಟು ಹುಟ್ಟಿದ್ದು ಆಮೇಲೆ.

ಇಲ್ಲದ್ದು ಕಾಣುವುದಕ್ಕೆ ಕಾರಣವೇನು ಎಂದು ಹುಡುಕದೆ ಈ ಮನೆಯವರು ಕೂತಿಲ್ಲ. ಮಹಾರಾಜರ ಪಟ್ಟಾಭಿಷೇಕದ ಮರುವರ್ಷ ಮೊದಲ ಸಲ ಹೀಗಾದಾಗ, ಯಾವನೋ ಮಂತ್ರವಾದಿ ಬಂದು ಗಾಳಿ ಮೆಟ್ಟಿದೆ ಎಂದು ಉಮ್ಮತ್ತಿಯ, ಎಂದರೆ ದತ್ತೂರಿಯ, ಬೀಜದ ಹೊಗೆ ಕುಡಿಸಿದ. ಅದುವರೆಗೆ ಬರೀ ಕೇಳುತ್ತಿದ್ದವಳಿಗೆ ಗೋಡೆಯ ತುಂಬ ಇರುವೆ ಹರಿದಾಡುವುದು ಕಾಣತೊಡಗಿತು. ಆ ಮನುಷ್ಯ ಈಗ ಎದುರಿಗೆ ಸಿಕ್ಕರೆ ಆ ಹೊಗೆಯನ್ನು ಅವನಿಗೇ ಕುಡಿಸಬೇಕು. ಇನ್ನೊಮ್ಮೆ ಚಳಿಜ್ವರ ನೆತ್ತಿಗೇರಿದಾಗ ಸತ್ತ ತಾಯಿ ಬಾಗಿಲಲ್ಲಿ ನಿಂತಿದ್ದಳು. ಜ್ವರ ಇಳಿದ ಕೂಡಲೇ ತಾಯಿಯೂ ಹೋದಳು.

ಕೊನೆಗೆ ಕಾಟಯ್ಯ ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದ. ಅಲ್ಲಿನ ಡಾಕ್ಟರು ಸಾವಧಾನದ ಮನುಷ್ಯ. ಎಲ್ಲವನ್ನೂ ಕೇಳಿಕೊಂಡರು. ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ತಮಗಾಗದು ಎಂದು ನೇರವಾಗಿ ಹೇಳಿದರು. ಇಲ್ಲದ್ದು ಕಾಣುವುದು ಏರು ಮಿತಿಮೀರಿದರೆ ಬಂದೀತು, ಆಗ ದನಿ ನೀನೇ ದೊಡ್ಡವಳು ಎಂದೀತು. ಇಳಿ ಮಿತಿಮೀರಿದರೂ ಬಂದೀತು, ಆಗ ನೀನು ಕೆಟ್ಟವಳು ಎಂದೀತು. ಜ್ವರದಿಂದ ಬಂದೀತು, ಹೆಂಡ, ಗಾಂಜಾ, ಉಮ್ಮತ್ತಿಯಿಂದ ಬಂದೀತು, ಹೊಟ್ಟೆಗಿಲ್ಲದೆ, ದುಃಖ ಹೆಚ್ಚಾಗಿಯೂ ಬಂದೀತು. ಎಲ್ಲಕ್ಕಿಂತ ಮೊದಲು ನಿದ್ದೆಯನ್ನು ನೋಡಿಕೊಳ್ಳಿ, ನಿದ್ದೆಗೆಟ್ಟರೆ ಇವಳ ಏರು ಹತ್ತಿಕೊಳ್ಳುತ್ತದೆ ಎಂದರು. ನಿದ್ದೆಗೆಂದು ಉಪ್ಪುಪ್ಪಾದ ಒಂದು ಔಷಧ ಕೊಟ್ಟು, ಹೇಳಿದ್ದಕ್ಕಿಂತ ಹೆಚ್ಚು ಕುಡಿಸಬೇಡಿ, ಇದೂ ಮಿತಿಮೀರಿದರೆ ಇಲ್ಲದ್ದನ್ನು ತೋರಿಸೀತು ಎಂದೂ ಎಚ್ಚರಿಸಿದರು.

ನಿದ್ದೆಯ ಮಾತು ಕೇಳಿದ್ದೇ ಉಚ್ಚಂಗಮ್ಮ ನೆಟ್ಟಗೆ ಗುಡಿಗೆ ಹೋಗಿದ್ದಾಳೆ. ಪೂಜಾರಿ ಎತ್ತಪ್ಪ ಹಟ್ಟಿಗೆ ಹಿರಿಯ. ಗದ್ದಿಗೆ ಕಂಬಳಿಗೆ ಯಾರು ಕುಂಚ ಹಿಡಿಯಬೇಕೆಂದು ತೀರ್ಮಾನಿಸುವವನು ಅವನೇ. ಗುಡಿಯ ಜಗಲಿಯ ಮೇಲೆ ಜನ ಸೇರಿದ ದಿನ ನಡೆದ ಮಾತು ಹೀಗಿದೆ.

"ಕೆಂಚಿ ಗಂಜಿ ಹಚ್ಲಿ, ಎತ್ತಪ್ಪ. ಅವಳ ಪಾಲಿನ ಜಾಗರಣೆ ಮನ್ಯೋರು ಮಾಡ್ತೀವಿ. ಅವ್ಳು ಉಂಡು ಮಲಗ್ಲಿ."

"ಅಲ್ಲ ಉಚ್ಚಂಗವ್ವ, ನೀನು ಉಂಡ್ರೆ ನನ್ನ ಹೊಟ್ಟೆ ತುಂಬ್ತೈತಾ?"

"ನೀನು ದೇವ್ರ ಎಡೆ ಉಂಡಾಗ ನಮ್ಮ ಹೊಟ್ಟೆ ತುಂಬೈತೆ ಅಂತ ಇಷ್ಟು ವರ್ಷ ಸುಮ್ನಿಲ್ವೇನಪ್ಪ?"

ಜಗಲಿಯೆಲ್ಲ ನಗು. ಎತ್ತಪ್ಪನೂ ಮೀಸೆಯಡಿ ನಗುತ್ತಾನೆ, ಆದರೆ ಬಗ್ಗುವುದಿಲ್ಲ. "ಹಿಂದಿನೋರು ಮಾಡಿದ ಕಟ್ಟಳೆ ಅದು. ಅವಳ ಬಾಯಾಗೆ ದೇವ್ರು ಮಾತಾಡಿದ್ದು ನೀವೆಲ್ಲ ಕೇಳಿಲ್ಲೇನು?"

ಆಗ ಕೆಂಚಕ್ಕ ಎದ್ದು ನಿಲ್ಲುತ್ತಾಳೆ. "ಮಾವ, ಆವತ್ತು ಮಾತಾಡಿದ್ದು ದೇವ್ರಾದ್ರೆ, ಬಾವಿಗೆ ನಡಿ ಅಂದಿದ್ದು ಯಾರು? ಎರಡೂ ಒಂದೇ ಕಿವ್ಯಾಗೆ ಬಂದಿದ್ದು. ನಂಗೆ ಗುಡ್ಯಾಗೆ ಕುಂದ್ರೋದು ಬ್ಯಾಡ. ಕುಂಚ ಕೊಡ್ರಿ ಸಾಕು."

ಎತ್ತಪ್ಪ ತಲೆ ಕೆರೆದುಕೊಂಡು, ಒಂದು ಸಲ ನೋಡೋಣ ಎನ್ನುತ್ತಾನೆ. ಜಾಗರಣೆಗೆ ಗಂಡ ಕಾಟಯ್ಯ ಕೂರಬೇಕು. ಅವಳ ಬಾಯಿಂದ ಹೇಳಿಕೆ ಬಂತೋ, ಕುಂಚ ಕೆಳಗಿಟ್ಟು ಗುಡಿಗೆ ಬರಬೇಕು. ಕಾಟಯ್ಯ ಒಪ್ಪಿ, "ಅದೇನ್ ಮಹಾ, ಎದ್ದಿರೋದು ತಾನೆ?" ಎಂದು ಎದೆ ಉಬ್ಬಿಸುತ್ತಾನೆ.

ಗದ್ದಿಗೆ ಕಂಬಳಿಯ ಬೆಳಗ್ಗೆ ಹಟ್ಟಿಯೆಲ್ಲ ಬೀದಿಯಲ್ಲಿದೆ. ಹಾಸು ಬಿಗಿದಾಗಿದೆ. ಕೆಂಚಕ್ಕ ಚೆನ್ನಾಗಿ ಉಂಡು, ಚೆನ್ನಾಗಿ ಮಲಗಿ ಎದ್ದು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದಾಳೆ. ಕಾಟಯ್ಯ ಹಾಸಿನ ಗೂಟದ ಬಳಿ ಕೂತಿದ್ದಾನೆ. ಹಾಸು ಹಾಕಿದಾಗಿನಿಂದ ಹಾಲು ಬಿಟ್ಟು ಏನೂ ಕಾಣದ ಹೊಟ್ಟೆ, ರೆಪ್ಪೆ ಮುಚ್ಚದ ಕಣ್ಣು. ಕಣ್ಣು ಮುತ್ತುಗದ ಹೂವಿನ ಬಣ್ಣಕ್ಕೆ ತಿರುಗಿದೆ.

ಅತ್ತೆ ಸೊಸೆ ಹೊರಡುತ್ತಾರೆ. ಕುಂಚ ಎಳೆದಲ್ಲೆಲ್ಲ ಉಣ್ಣೆ ಕರ್ರಗೆ ಹೊಳೆಯುತ್ತದೆ. ಎತ್ತಪ್ಪ ಕಣ್ಣು ಕೀಲಿಸಿ ಕೆಂಚಕ್ಕನ ಬಾಯಿಯನ್ನೇ ನೋಡುತ್ತಿದ್ದಾನೆ. ಹಾಸಿನ ಅರ್ಧ ದಾಟಿದ್ದಾರೆ. ಇದ್ದಕ್ಕಿದ್ದಂತೆ ಒಂದು ಕೂಗು. ಕೂಗಿದ್ದು ಕಾಟಯ್ಯ.

"ಹೋಯ್, ಹೊಡೀರಿ ಅದನ್ನ! ಹಾಸಿನ ಮ್ಯಾಲೆ ಬಂತು!"

ಎದ್ದು, ಕೋಲು ಹಿಡಿದು, ಹಾಸಿನ ಪಕ್ಕಕ್ಕೆ ಓಡಿ, ಏನನ್ನೋ ಅಟ್ಟುತ್ತಿದ್ದಾನೆ. ಜನ ಅತ್ತ ಇತ್ತ ನೋಡುತ್ತಾರೆ. ಅಲ್ಲಿ ಏನೂ ಇಲ್ಲ.

"ಏನಪ್ಪ ಅದು?" ಎನ್ನುತ್ತಾನೆ ಎತ್ತಪ್ಪ.

"ಟಗರು. ಬಿಳೇ ಟಗರು. ಕಾಣಾಕಿಲ್ವಾ? ಗಂಜಿ ತುಳೀತೈತೆ!"

ಕೆಂಚಕ್ಕ ಕುಂಚ ಮೇಲೆತ್ತಿ ಅತ್ತೆಯ ಮುಖ ನೋಡುತ್ತಾಳೆ. ಉಚ್ಚಂಗಮ್ಮ ತಲೆ ಅಲ್ಲಾಡಿಸುತ್ತಾಳೆ. ಕೆಂಚಕ್ಕ ಗಂಡನ ಕಡೆ ತಿರುಗಿ, "ಇಲ್ಲ ಕಣ್ರಿ, ಟಗರಿಲ್ಲ. ಕುಂತ್ಕಳ್ರಿ," ಎನ್ನುತ್ತಾಳೆ, ಇಷ್ಟು ವರ್ಷ ಬೇರೆಯವರು ತನಗೆ ಹೇಳಿದ ಅದೇ ದನಿಯಲ್ಲಿ.

ಮೊದಲು ನಕ್ಕವಳು ಉಚ್ಚಂಗಮ್ಮ. "ಎತ್ತಪ್ಪ, ಇವನ ಮೈಮ್ಯಾಲೂ ಬಂತಲ್ಲೋ. ಎತ್ತಿಕೊಂಡೋಗಿ ಗುಡ್ಯಾಗೆ ಕುಂದ್ರಿಸ್ರಪ್ಪ. ಮಳೆ ಯಾವಾಗ ಅಂತ ಕೇಳ್ರಿ." ಆಮೇಲೆ ಇಡೀ ಬೀದಿ ನಗುತ್ತದೆ. ಕಾಟಯ್ಯ ಕೋಲು ಹಿಡಿದುಕೊಂಡೇ ನಾಚಿ, ಬೆಪ್ಪಾಗಿ, ಕೊನೆಗೆ ತಾನೂ ನಗುತ್ತಾನೆ. ಹುಟ್ಟಿದಾಗಿನಿಂದ ಒಂದು ದಿನವೂ ಏರು ಇಳಿ ಕಾಣದ, ಎತ್ತಿನಂಥ ಗಂಡಸಿಗೆ ನಿದ್ದೆಗೆಟ್ಟು ಟಗರು ಕಂಡಿದೆ. ಕಾಯಿಲೆಯ ಹೆಂಗಸಿಗೆ ಅದೇ ಜಾಗರಣೆ ಹೊರಿಸಿ, ಆಮೇಲೆ ಅವಳಿಗೆ ಕೇಳಿದ್ದನ್ನು ದೇವರ ಮಾತು ಎಂದು ಕುಣಿದರಲ್ಲ, ಆ ಜನರ ಬುದ್ಧಿಗೆ ಏನು ಹೇಳೋಣ!

ಎತ್ತಪ್ಪ ನಗಲಿಲ್ಲ. ಕಾಟಯ್ಯನನ್ನು ನೋಡಿದ, ಕೆಂಚಕ್ಕನನ್ನು ನೋಡಿದ. "ಯಾರಾದ್ರೂ ಆ ಮನುಷ್ಯಂಗೆ ಮುದ್ದೆ ಹಾಕ್ರಿ," ಎಂದ. ಆಮೇಲೆ, "ಮುಂದಿನ ವರ್ಷದಿಂದ ಹಟ್ಟಿಯೋರು ಸರದಿ ಮ್ಯಾಲೆ ಎದ್ದಿರಾಣ. ಗಂಜಿ ಹಚ್ಚೋಳು ಮಲಗ್ಲಿ. ದೇವ್ರು ಕೇಳಿದ್ರೆ ನಾನು ಹೇಳ್ಕಂತೀನಿ," ಎಂದ. ಕಟ್ಟಳೆ ಕಾಯುವವನ ಬಾಯಲ್ಲಿ ಈ ಮಾತು ಬರಬೇಕಾದರೆ ಅವನೂ ದೊಡ್ಡ ಮನುಷ್ಯನೇ.

ಕೆಂಚಕ್ಕ ಗುಣವಾಗಿದ್ದಾಳೆ ಎಂದು ಬರೆದರೆ ಸುಳ್ಳಾಗುತ್ತದೆ. ಈ ಸಲವೂ ದನಿ ಬಂದಿತ್ತೇ ಎಂದು ಕೇಳಿದರೆ ಅವಳು ಮರೆಮಾಚುವುದಿಲ್ಲ. "ಹಾಸಿನ ಕೊನ್ಯಾಗೆ ಯಾರೋ ನನ್ನ ಹೆಸರು ಕೂಗಿದಂಗಾತು. ಜ್ವರ ಇಲ್ಲ, ಉಪಾಸ ಇಲ್ಲ, ನಿದ್ದಿ ಆಗಿತ್ತು, ಆದ್ರೂ ಬಂತು. ಅತ್ತೆ ಮುಖ ನೋಡ್ದೆ. ಇಲ್ಲ ಅಂದ್ಲು. ಇಲ್ಲ ಅಂದ್ಮ್ಯಾಲೆ ಇಲ್ಲ ಅಂತ ಕುಂಚ ಎಳೆದೆ." ಡಾಕ್ಟರು ಹೇಳಿದ ಕಾರಣಗಳಲ್ಲಿ ಯಾವುದೂ ಇಲ್ಲದೆಯೂ ಒಮ್ಮೊಮ್ಮೆ ಬರುತ್ತದೆ. ಅದು ಕಾಯಿಲೆಯದೇ ಪಾಲು, ಇವಳ ತಪ್ಪಲ್ಲ. ಮತ್ತೆ ಏರು ಬರಬಹುದು, ಇಳಿ ಬರಬಹುದು. ಎದುರಿಗೆ ಉಚ್ಚಂಗಮ್ಮ ಇದ್ದಾಳೆ. ಅವಳಿಗೆ ವಯಸ್ಸಾಯಿತೆಂದು ಕಾಟಯ್ಯ ಈಗ ಕುಂಚ ಹಿಡಿಯಲು ಕಲಿಯುತ್ತಿದ್ದಾನೆ. ಹೆಜ್ಜೆ ತಪ್ಪಿಸುತ್ತಾನೆ, ಬೈಸಿಕೊಳ್ಳುತ್ತಾನೆ.

"ನೋಡ್ಕಂಡು ಎಳೀರಿ, ಟಗರು ತುಳಿದೀತು," ಎಂದು ಕೆಂಚಕ್ಕ ಛೇಡಿಸುತ್ತಾಳೆ.

ಗುಡಿಯಲ್ಲಿ ಹೊಸ ಕಂಬಳಿ ಹಾಸಿ ದೇವರನ್ನು ಕೂರಿಸಿಯಾಗಿದೆ. ಹೊಸ್ತಿಲಾಚೆಯಿಂದಲೇ ಕೈಚಾಚಿ ಅವಳು ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾಳೆ. ಒಂದು ಎಳೆಯೂ ಎದ್ದಿಲ್ಲ.

"ದೇವ್ರು ಈಗ ಸರಿಯಾಗಿ ಕುಂತೈತೆ ಸ್ವಾಮಿ," ಎನ್ನುತ್ತಾಳೆ. "ನನ್ನ ಮೈಮ್ಯಾಲೆ ಅಲ್ಲ. ನನ್ನ ಕಂಬ್ಳಿ ಮ್ಯಾಲೆ."