ಮತ್ತೋಡಿನ ಕಣದಲ್ಲಿ ಬಿಳಿ ವಿಸ್ಕಿ

ಹೊಸದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಮತ್ತೋಡಿನ ಕಣದಲ್ಲಿ ತನ್ನ ಮೆಕ್ಕೆಜೋಳದ ರಾಶಿ ಕಾಯುತ್ತಿದ್ದ ಈರಜ್ಜನ ಪಕ್ಕ ಕೂತೆ. ನನ್ನ ಚೀಲದಲ್ಲಿ ಗೆಳೆಯ ಅಮೆರಿಕದಿಂದ ತಂದುಕೊಟ್ಟ ಎರಡು ಪುಟ್ಟ ಬಾಟಲಿಗಳಿದ್ದವು. ಒಂದು, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದ ಕೆಂಪು ಬರ್ಬನ್ ವಿಸ್ಕಿ. ಇನ್ನೊಂದು, ಭಟ್ಟಿಯಿಂದ ನೇರವಾಗಿ ಬಾಟಲಿಗಿಳಿದ, ನೀರಿನಷ್ಟು ತಿಳಿಯಾದ ವಿಸ್ಕಿ. ಎರಡೂ ಮೆಕ್ಕೆಜೋಳದ್ದೇ ಎಂದರೆ ಅಜ್ಜ ನಂಬಲಿಲ್ಲ.

ಎರಡನ್ನೂ ತೆರೆದು ತುಸು ರುಚಿ ನೋಡಿದೆ. ನನಗೆ ಬರ್ಬನ್ ಬೆಲ್ಲದ ಪಾಕದಂತೆ ಹಿತವಾಗಿತ್ತು. ಬಿಳಿಯದು ನಾಲಿಗೆ ಸುಟ್ಟಿತು, ಅರೆಬೆಂದ ಅಡುಗೆ ಅನ್ನಿಸಿತು. ಅಜ್ಜ ಒಂದಾದ ಮೇಲೊಂದರ ಹನಿಯನ್ನು ಅಂಗೈಗೆ ಹಾಕಿಕೊಂಡು, ತುಪ್ಪ ನೋಡುವವನಂತೆ ಉಜ್ಜಿ ಮೂಸಿದ.

“ಕೆಂಪದ್ರಾಗೆ ಬರೀ ಕಟ್ಟಿಗೆ ವಾಸ್ನೆ ಐತೆ. ಇದ್ರಾಗೆ ನೋಡ್ರಿ, ಜೋಳ ಐತೆ. ತೆನೆ ಸುಲಿಯೋವಾಗ ಹಿಂಗೇ ಘಮ್ ಅಂತೈತೆ.”

ಕುಡಿಯುವ ಮುಂಚೆ ಭೂಮಿತಾಯಿಗೆ ಮೂರು ಹನಿ ಚಿಮುಕಿಸಬೇಕಂತೆ. ನಾನು ದುಬಾರಿ ಬರ್ಬನ್ನನ್ನೇ ಮುಂದೆ ಹಿಡಿದೆ. ಅಜ್ಜ ಅದನ್ನು ಪಕ್ಕಕ್ಕೆ ಸರಿಸಿ, ಬಿಳಿಯದನ್ನು ಬೆರಳಿಗೆ ಹಚ್ಚಿಕೊಂಡು ರಾಶಿಯ ಬುಡಕ್ಕೆ ಚಿಮುಕಿಸಿದ.

“ಆಯಮ್ಮಗೆ ತಾನು ಬೆಳೆದಿದ್ದು ಗುರ್ತು ಸಿಗಬೇಕಲ್ರಿ.”

ಇನ್ನೊಮ್ಮೆ ರುಚಿ ನೋಡೋಣವೆಂದು ಬಿಳಿಯದಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಅಜ್ಜ ಬಾಟಲಿ ಎತ್ತಿ ಖಾಲಿ ಮಾಡಿದ್ದ.

“ನಿಮಗೆ ಕಟ್ಟಿಗೇದು ಐತಲ್ರಿ.”