ನೀಲಮ್ಮ ಮೇಡಂ ಒಪ್ಪದ ಒಂದು ಹೆಸರು

‘ನಿಮ್ಮ ನಕ್ಷತ್ರ ಯಾವುದ್ರಿ?’ ಎಂದು ಯಾರಾದರೂ ಕೇಳಿದರೆ ನೀಲಮ್ಮ ಮೇಡಂ ಕಿಟಕಿಯಾಚೆಯ ಸೂರ್ಯನತ್ತ ಕೈಮಾಡುತ್ತಿದ್ದರು: ‘ಅಕಾ, ಅದೇ ನಂದು. ನಿಮ್ಮದೂ ಅದೇ!’

ಮಾನ್ವಿಯವರಾದ ಅವರು ರಾಯಚೂರಿನ ನಮ್ಮ ಕಾಲೇಜಿನ ಖಗೋಳಶಾಸ್ತ್ರ ವಿಭಾಗದ ಮುಖ್ಯಸ್ಥೆ. ನಾನು ಅವರ ಶಿಷ್ಯ, ಆಮೇಲೆ ಅದೇ ವಿಭಾಗದ ಅಧ್ಯಾಪಕ. ವಿಭಾಗ ನಮಗಿಂತ ಹಳೆಯದು. ಆದರೂ ಜಾತಕ ಹಿಡಿದು ಅದರ ಮೆಟ್ಟಿಲೇರುವವರು ನಿಂತಿರಲಿಲ್ಲ. ಮೇಡಂ ಯಾರನ್ನೂ ಬೈದು ಕಳಿಸಿದವರಲ್ಲ. ಚಹಾ ಕುಡಿಸಿ, ಸಂಜೆಯಾದ ಮೇಲೆ ದೂರದರ್ಶಕದಲ್ಲಿ ಶನಿಯ ಬಳೆಗಳನ್ನು ತೋರಿಸಿ ಕೇಳುತ್ತಿದ್ದರು: ‘ಇಷ್ಟು ಚಂದ ಇರಾಂವ ನಿಮ್ಮ ಮಗಳ ಲಗ್ನಕ್ಕ ಯಾಕ ಅಡ್ಡ ಬರತಾನ್ರೀ?’

ಒಮ್ಮೆ ಸೂರ್ಯಗ್ರಹಣದಂದು ನಮ್ಮೂರು ದೇವದುರ್ಗಕ್ಕೆ ಬಂದರು. ಬಸುರಿ ಅಕ್ಕನನ್ನು ಅಜ್ಜಿ ಕತ್ತಲ ಕೋಣೆಯಲ್ಲಿ ಕೂರಿಸಿದ್ದರು. ಮೇಡಂ ಅಂಗಳದ ಬೇವಿನ ಕೆಳಗೆ ಕುಳಿತು ಮಂಡಕ್ಕಿ ವಗ್ಗರಣಿ, ಮಿರ್ಚಿ ತಿನ್ನತೊಡಗಿದರು.

‘ಗ್ರಹಣ ಹಿಡದದ, ತಿಂತಿಯೇನಬೇ?’ ಅಜ್ಜಿ ಗದರಿದರು.

‘ನನ್ನ ಹೊಟ್ಟಿಗೆ ಹಿಡದದ್ದು ಮೊದಲ ಬಿಡಲಿ, ಯವ್ವಾ!’

ಅಜ್ಜಿ ನಕ್ಕರು. ಎಲೆಗಳ ಸಂದಿಯಿಂದ ನೆಲಕ್ಕುದುರಿದ ನೂರಾರು ಪುಟ್ಟ ಅರೆಸೂರ್ಯರನ್ನು ನೋಡಲು ಅಕ್ಕನೂ ಹೊರಗೆ ಬಂದಳು.

ವಿದ್ಯಾರ್ಥಿಗಳು ಕಡಿಮೆಯಾದಾಗ ಆಡಳಿತ ಒಂದು ದಾರಿ ಸೂಚಿಸಿತು: ವಿಭಾಗಕ್ಕೆ ‘ಖಗೋಳ ಮತ್ತು ಜ್ಯೋತಿಷ್ಯ’ ಎಂದು ಹೆಸರಿಟ್ಟು ಜಾತಕ ಕಲಿಸಿದರೆ ಉಳಿಸುತ್ತೇವೆ. ಸಭೆಯಲ್ಲಿ ನಾನು ವಿಜ್ಞಾನದ ಪರವಾಗಿ ದೀರ್ಘವಾಗಿ ವಾದಿಸಿದೆ, ಚಪ್ಪಾಳೆಯೂ ಬಿತ್ತು. ಮೇಡಂ ಹೇಳಿದ್ದು ಒಂದೇ ಮಾತು: ‘ಆಗಂಗಿಲ್ರಿ.’ ಆ ವರ್ಷವೇ ವಿಭಾಗ ಮುಚ್ಚುವ ಆದೇಶ ಬಂತು.

ಕೊನೆಯ ದಿನ ದೂರದರ್ಶಕವನ್ನು ಪೆಟ್ಟಿಗೆಗೆ ಹಾಕುತ್ತಿದ್ದಾಗ, ದೇವದುರ್ಗದ ಕೂಲಿಕಾರರೊಬ್ಬರು ಮಗಳೊಂದಿಗೆ ಅವಳ ಪ್ರವೇಶಕ್ಕೆಂದು ಬಂದರು. ವಿಷಯ ತಿಳಿದು, ಬಾಗಿಲಲ್ಲೇ ನಿಂತು ಕೇಳಿದರು:

‘ನೀವು ಹ್ಞೂಂ ಅಂದಿದ್ರ ಈ ಬಾಗಲಾ ತೆರದೇ ಇರತಿತ್ತಂತಲ್ರೀ, ಮೇಡಂ?’

ನಾನು ಉತ್ತರಿಸಲು ಮುಂದಾದೆ. ಮೇಡಂ ಕಣ್ಣಲ್ಲೇ ತಡೆದರು.

‘ಹೌದಪ್ಪಾ, ತೆರದಿರತಿತ್ತು. ಆದ್ರ ಒಳಗ ನಿನ್ನ ಮಗಳಿಗೆ ಕಲಸಾಕ ನನ್ನ ಹತ್ರ ಏನೂ ಉಳದಿರತಿರಲಿಲ್ಲ.’

ಅವರು ಬಾಗಿಲಿಂದ ಹಿಂದೆ ಸರಿದರು. ‘ನಡಿಯವ್ವಾ’ ಎಂದು ಮಗಳನ್ನು ಕರೆದುಕೊಂಡು ಹೊರಟರು. ಅವರು ಗೇಟು ದಾಟುವವರೆಗೂ ಮೇಡಂ ಕೂರಲಿಲ್ಲ.

ಮೇಡಂ ಮಾನ್ವಿಯಲ್ಲಿ ತೀರಿಕೊಂಡ ಸುದ್ದಿಯನ್ನು ನನಗೆ ಮೊದಲು ತಿಳಿಸಿದವಳು, ಆಮೇಲೂ ಆಕಾಶ ನೋಡಲು ಅವರ ಮನೆಗೆ ಹೋಗುತ್ತಿದ್ದ ಆ ಹುಡುಗಿ. ಅವಳೀಗ ಬಿ.ಕಾಂ. ಓದುತ್ತಿದ್ದಾಳೆ.